ಎರಡು ಸಲ ತಟ್ಟಿದರೆ ಹೊರಡು

ಇದನ್ನು ಹಗಲಲ್ಲಿ ಹೇಳಿದರೆ ನಗುತ್ತೀರಿ. ಅದಕ್ಕೇ ಅಂಗಡಿಯ ಶಟರ್ ಎಳೆದ ಮೇಲೆ ಹೇಳುತ್ತಿದ್ದೇನೆ. ನಗು ಬಂದರೆ ನಕ್ಕುಬಿಡಿ, ನನಗೇನೂ ಬೇಸರವಿಲ್ಲ. ಆದರೆ ಪೂರ್ತಿ ಕೇಳಿ ಆಮೇಲೆ ನಗಿ.

ನಾನು ಗಾಡಿಗಳಿಗೆ ಸೀಟ್ ಕವರ್ ಹೊಲಿಯುವವಳು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಯಾರ ಕೈಕೆಳಗೂ ಕಲಿತದ್ದಲ್ಲ. ಎಸೆದಿದ್ದ ಒಂದು ಹಳೇ ಸೀಟು ಮನೆಗೆ ಹೊತ್ತು ತಂದು, ಅದರ ಹೊಲಿಗೆ ಒಂದೊಂದಾಗಿ ಬಿಚ್ಚಿ, ಹೇಗೆ ಸೇರಿಸಿದ್ದಾರೆ ಎಂದು ನೋಡಿ ಕಲಿತದ್ದು. ಓದುವುದನ್ನೂ ಹಾಗೇ ಕಲಿತೆ, ಅಕ್ಷರ ಅಕ್ಷರ ಬಿಚ್ಚಿ. ಹಾಗಾಗಿ ಯಾರಾದರೂ "ಹೆಂಗಸರಿಗೆ ಕತ್ತಲಲ್ಲಿ ಏನೇನೋ ಕಾಣಿಸುತ್ತೆ ಬಿಡಿ" ಅಂದರೆ ನನಗೆ ಮೈ ಉರಿಯುತ್ತದೆ. ನಾನು ದೆವ್ವ ನಂಬುವವಳಲ್ಲ. ಸವೆತ ನಂಬುವವಳು.

ಸೀಟು ನೋಡಿದರೆ ಸಾಕು, ಗಾಡಿಯವರು ಎಂಥವರು, ದಿನಕ್ಕೆ ಎಷ್ಟು ದೂರ ಓಡಾಡುತ್ತಾರೆ ಎಂದು ಹೇಳಿಬಿಡುತ್ತೇನೆ. ಮುಂದಿನ ತುದಿ ಮಾತ್ರ ಸವೆದಿದ್ದರೆ ಒಂಟಿ ಸವಾರ. ನಡುವೆ ಚಿಕ್ಕ ಹಳ್ಳ ಬಿದ್ದಿದ್ದರೆ ಮಗುವನ್ನು ಶಾಲೆಗೆ ಬಿಡುವವರು. ಹಿಂದಿನ ಅಂಚು ಕೊಯ್ದ ಹಾಗಿದ್ದರೆ ಹಗ್ಗ ಬಿಗಿದು ಸಾಮಾನು ಸಾಗಿಸುವವರು. ಒಂದು ಸಲ ಒಬ್ಬ ಮೇಷ್ಟ್ರು ಬೈಕು ತಂದು ನಿಲ್ಲಿಸಿದರು. ಸೀಟಿನ ಮೇಲೆ ಕೈಯಾಡಿಸಿ, "ದಿನಾ ಅರವತ್ತು ಕಿಲೋಮೀಟರ್ ಓಡಿಸ್ತೀರಲ್ಲ ಸಾರ್, ಬೆನ್ನು ನೋಯಲ್ವಾ?" ಅಂದೆ. ಅವರು ಬೆಚ್ಚಿಬಿದ್ದರು. "ಯಾರಮ್ಮಾ ಹೇಳಿದ್ದು ನಿಮಗೆ?" "ನೀವು ಕೂತಿರೋ ಜಾಗ ಹೇಳ್ತು ಸಾರ್" ಅಂದೆ.

ಇದನ್ನು ಯಾಕೆ ಹೇಳಿದೆ ಎಂದರೆ... ಇರಲಿ. ಅಲ್ಲಿಗೇ ಬರುತ್ತೇನೆ.

ನನ್ನ ಚಿಕ್ಕಮ್ಮನ ಮಗಳು ನನ್ನ ಜೊತೆ ಇರುತ್ತಾಳೆ. ನೀವು ನೋಡಿದ್ದೀರಿ. ಬಟ್ಟೆ ಫ್ಯಾಕ್ಟರಿಯಲ್ಲಿ ಶರ್ಟಿನ ಕಾಲರ್ ಹೊಲಿಯುತ್ತಾಳೆ, ಎರಡನೇ ಪಾಳಿ. ಎಲ್ಲರೂ ಅವಳನ್ನು ಕರೆಯುವುದು ಮೀಟರ್ ಅಂತ. ಯಾವ ಊರು ಎಷ್ಟು ದೂರ ಕೇಳಿ, ನೋಡದೆ ಹೇಳುತ್ತಾಳೆ. ಮನೆಯಿಂದ ಫ್ಯಾಕ್ಟರಿ ಗೇಟಿಗೆ ಇಪ್ಪತ್ಮೂರು ಕಿಲೋಮೀಟರ್. ಹೋಗಿ ಬಂದರೆ ನಲವತ್ತಾರು. ಮೊದಲು ಕಂಪನಿ ಬಸ್ಸು ಬರುತ್ತಿತ್ತು. ಅದು ನಿಂತಿತು. ಫ್ಯಾಕ್ಟರಿಯ ಹೆಂಗಸರೆಲ್ಲ ಅಣ್ಣನದೋ ಗಂಡನದೋ ಹಳೇ ಗಾಡಿ ಹಿಡಿದು ಓಡಿಸಲು ಕಲಿತರು. ಇವಳಿಗೆ ಅಣ್ಣನೂ ಇಲ್ಲ, ಗಂಡನೂ ಇಲ್ಲ. ನನ್ನ ಸ್ಕೂಟರ್ ಕೊಟ್ಟೆ.

ಆ ಸ್ಕೂಟರನ್ನು ನಾನು ಒಂಬತ್ತು ವರ್ಷ ಓಡಿಸಿದ್ದೇನೆ. ಅದರ ಒಂದೊಂದು ಗೀರು ನನಗೆ ಗೊತ್ತು. ಒಮ್ಮೆ ಜಲ್ಲಿ ಮೇಲೆ ಜಾರಿ ಬಲಮಗ್ಗುಲಿಗೆ ಬಿದ್ದಿದ್ದೆ. ಹಿಂದೆ ಕೂರುವವರು ಕಾಲಿಡಲು ಎರಡೂ ಕಡೆ ಮಡಚುವ ಫುಟ್‌ರೆಸ್ಟ್ ಇರುತ್ತದಲ್ಲ, ಬಲಗಡೆಯದು ಮಡಚಿದ ಹಾಗೇ ನಜ್ಜಾಗಿ ಕಚ್ಚಿಕೊಂಡಿತು. ತುಕ್ಕೂ ಹಿಡಿಯಿತು. ಎದುರಿನ ಗ್ಯಾರೇಜಿನ ಮೆಕ್ಯಾನಿಕ್ ಎಣ್ಣೆ ಬಿಟ್ಟ, ರಾಡು ತೂರಿಸಿ ಎತ್ತಿದ, ಸುತ್ತಿಗೆಯಲ್ಲಿ ಬಡಿದ. ಕದಲಲಿಲ್ಲ.

"ಅಕ್ಕಾ, ಇದು ಸತ್ತೋಗಿದೆ. ಕತ್ತರಿಸಿ ತೆಗೀಬೇಕಷ್ಟೇ."

"ಬಿಡು, ಆ ಕಡೆ ಕಾಲಿಡೋರು ಯಾರಿದ್ದಾರೆ?" ಅಂದೆ.

ನಾನೇ ಅಂದದ್ದು. ಈ ಬಾಯಿಂದಲೇ.

ಮೀಟರ್ ಹಿಂದೆ ಕೂರುವವಳು ಒಬ್ಬಳೇ, ಎದುರು ಮನೆಯವಳು. ಅದೇ ಫ್ಯಾಕ್ಟರಿಯಲ್ಲಿ ಗುಂಡಿ ತೂರಿಸುವ ಕಾಜ ಹಾಕುವ ಮಷೀನು ಅವಳದು. ಅದಕ್ಕೇ ಅವಳ ಹೆಸರೂ ಕಾಜ. ಅವಳ ಬಲಮೊಣಕಾಲು ಮಡಚುವುದಿಲ್ಲ, ಹಳೇ ಏಟು. ಹಾಗಾಗಿ ಎರಡೂ ಕಾಲು ಎಡಗಡೆಗೇ ಇಳಿಬಿಟ್ಟು ಕೂರುತ್ತಾಳೆ. ಎಡಗಡೆಯ ಫುಟ್‌ರೆಸ್ಟ್ ಒಂದಿದ್ದರೆ ಅವಳಿಗೆ ಸಾಕು.

ಆ ಹೆಂಗಸರಲ್ಲಿ ಒಂದು ರೂಢಿ ಇದೆ. ತಲೆಗೆ ಹೆಲ್ಮೆಟ್ಟು, ಅದರೊಳಗೆ ಕಿವಿ ಮುಚ್ಚುವ ಬಟ್ಟೆ, ಮೇಲೆ ಇಂಜಿನ್ ಸದ್ದು. "ಕೂತೆ" ಅಂದರೆ ಮುಂದಿನವರಿಗೆ ಕೇಳಿಸುವುದಿಲ್ಲ. ಅದಕ್ಕೆ ಹಿಂದೆ ಕೂತವರು ಭುಜ ತಟ್ಟಬೇಕು. ಎರಡು ಸಲ ತಟ್ಟಿದರೆ ಕೂತಾಯಿತು, ಹೊರಡು. ಒಂದೇ ಸಲ ತಟ್ಟಿದರೆ ನಿಲ್ಲಿಸು. ಹಿಂದೆ ತಿರುಗಿ ನೋಡುವ ಪ್ರಶ್ನೆಯೇ ಇಲ್ಲ. ಹತ್ತು ಗಂಟೆ ಹೊಲಿದು ಬಂದ ಕುತ್ತಿಗೆ ತಿರುಗುವುದೂ ಇಲ್ಲ.

ಫ್ಯಾಕ್ಟರಿಯಿಂದ ಎಂಟನೇ ಕಿಲೋಮೀಟರಿಗೆ ಒಂದು ಮೋರಿ. ಒಡೆದು ಎರಡು ವರ್ಷವಾಗಿತ್ತು. ಜಲ್ಲಿ ಸುರಿದು ಬಿಟ್ಟಿದ್ದರು. ಇಬ್ಬರನ್ನು ಹೊತ್ತರೆ ಗಾಡಿ ಜಾರುತ್ತದೆ. ಅಲ್ಲಿ ಕಾಜ ಇಳಿಯಬೇಕು. ಮೀಟರ್ ಒಬ್ಬಳೇ ಜಲ್ಲಿ ದಾಟಿ ಆ ಕಡೆ ನಿಲ್ಲಬೇಕು. ಕಾಜ ಮೊಬೈಲ್ ಬೆಳಕಿನಲ್ಲಿ ನಿಧಾನವಾಗಿ ಐವತ್ತು ಹೆಜ್ಜೆ ನಡೆದು ಬಂದು ಕೂತು ತಟ್ಟಬೇಕು. ತಟ್, ತಟ್. ಹೊರಡಬೇಕು. ಎರಡು ವರ್ಷ ಪ್ರತಿ ರಾತ್ರಿ ಹೀಗೇ ನಡೆದಿತ್ತು.

ಆ ಕಡೆ ನಿಲ್ಲುವ ಜಾಗದಲ್ಲಿ ಒಂದು ಆಲದ ಮರ. ಮರದ ಬುಡದಲ್ಲಿ ಬಾವಿ. ಯಾರೂ ನೀರು ಸೇದುವುದಿಲ್ಲ. ಹಗ್ಗ ಇಲ್ಲ. ಕಬ್ಬಿಣದ ರಾಟೆ ಒಂದು ನೇತಾಡುತ್ತಿದೆ.

ಇನ್ನು ಅವತ್ತಿನ ರಾತ್ರಿ.

ಅವತ್ತು ಒಂದು ಕಟ್ಟು ಕಾಲರ್ ವಾಪಸ್ ಬಂದು, ಬಿಚ್ಚಿ ಹೊಲಿದು ಕೊಡುವ ಹೊತ್ತಿಗೆ ತಡವಾಯಿತು. ಉಳಿದ ಗಾಡಿಗಳೆಲ್ಲ ಹೋಗಿಬಿಟ್ಟಿದ್ದವು. ಹತ್ತೂವರೆಗೆ ಇಬ್ಬರೇ ಹೊರಟರು. ಗಾಳಿ ಇಲ್ಲ, ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲವಂತೆ. ಮೋರಿಯ ಹತ್ತಿರ ಕಾಜ ಇಳಿದಳು.

"ನಿಧಾನ ಬಾರೇ."

"ಇಲ್ಲ, ಈ ಕಾಲಲ್ಲಿ ಓಡಿ ಬರ್ತೀನಿ. ಹೋಗು ಹೋಗು."

ಮೀಟರ್ ಎರಡೂ ಕಾಲು ಊರಿಕೊಂಡು ಜಲ್ಲಿ ದಾಟಿದಳು. ಟೈರಿನ ಕೆಳಗೆ ಕಲ್ಲು... ಚರ್... ಚರ್. ಮರದ ಕೆಳಗೆ ನಿಂತಳು. ಇಂಜಿನ್ ಆರಿಸಲಿಲ್ಲ, ಆರಿಸಿದರೆ ಮತ್ತೆ ಹತ್ತು ಸಲ ಕಿಕ್ ಒದೆಯಬೇಕು. ಇಂಜಿನ್ ಟಕಟಕ ಅನ್ನುತ್ತಿತ್ತು. ಬಾವಿಯ ರಾಟೆ ಒಂದು ಸಲ ಕಿರ್ರ್... ಅಂದಿತು.

ಗಾಳಿ ಇಲ್ಲ ಎಂದೆನಲ್ಲ. ಆದರೂ ಅಂದಿತು.

ಆಮೇಲೆ ಸೀಟು ಕುಸಿಯಿತು. ಹಿಂದಿನ ಸ್ಪ್ರಿಂಗು ಕುಂಯ್ ಅಂದಿತು. ಬಲಗಡೆ ಕೆಳಗೆ ಎಲ್ಲೋ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಹಾಗೆ... ಕಟಕ್. ಕಲ್ಲು ಸಿಡಿದಿರಬೇಕು ಅಂದುಕೊಂಡಳು ಇವಳು.

ತಟ್. ತಟ್.

ಹೊರಟಳು.

ದಾರಿಯುದ್ದಕ್ಕೂ ಮಾತಾಡುವುದು ಅವಳ ಅಭ್ಯಾಸ. ಹಿಂದಿನವಳಿಗೆ ಕೇಳಿಸುತ್ತದೋ ಇಲ್ಲವೋ, ಇವಳದು ನಡೆದೇ ಇರುತ್ತದೆ. ಸೂಪರ್‌ವೈಸರ್ ಹೇಗೆ ಮೂಗು ಸೊಟ್ಟ ಮಾಡಿದ, ಹೊಸ ಹುಡುಗಿ ಕಾಲರನ್ನು ಹೇಗೆ ತಲೆಕೆಳಗೆ ಹೊಲಿದಳು, ಎಲ್ಲ ಹೇಳಿದಳು. ಹಿಂದಿನಿಂದ ಒಂದು ನಗುವೂ ಇಲ್ಲ. ಸುಸ್ತಾಗಿರಬೇಕು.

ಆಗ ಒಂದು ವಿಷಯ ಗಮನಕ್ಕೆ ಬಂತು. ಕೈ.

ಕಾಜ ಭುಜ ತಟ್ಟಿದ ಮೇಲೆ ಕೈ ತೆಗೆದು ಸೀಟಿನ ಹಿಂದಿನ ಹಿಡಿ ಹಿಡಿಯುತ್ತಾಳೆ, ಯಾವಾಗಲೂ. ಅವತ್ತು ಕೈ ಭುಜದ ಮೇಲೆಯೇ ಇತ್ತು. ಒತ್ತುತ್ತಿರಲಿಲ್ಲ. ಸುಮ್ಮನೆ ಇತ್ತು. ಜರ್ಕಿನ್ ದಾಟಿ, ಒಳಗಿನ ಅಂಗಿ ದಾಟಿ ತಣ್ಣಗೆ.

"ಚಳಿನಾ?" ಅಂದಳು.

ಸ್ವಲ್ಪ ದೂರ ಹೋದ ಮೇಲೆ, ಹೆಲ್ಮೆಟ್ಟಿನ ಹತ್ತಿರ, ಪಿಸುದನಿ.

"ಇನ್ನೆಷ್ಟು ದೂರ?"

ಮೀಟರ್‌ಗೆ ಆ ಪ್ರಶ್ನೆ ಕೇಳಿದರೆ ಉತ್ತರ ತಾನಾಗಿ ಬಾಯಿಗೆ ಬರುತ್ತದೆ. "ಹದಿಮೂರು" ಅಂದಳು.

ಅಂದ ಮೇಲೆ ಯೋಚನೆ ಬಂತು. ದಿನಾ ಇದೇ ದಾರಿಯಲ್ಲಿ ಬರುವವಳು... ಎಷ್ಟು ದೂರ ಅಂತ ಯಾಕೆ ಕೇಳುತ್ತಾಳೆ? ಮತ್ತೆ, ಹೆಲ್ಮೆಟ್ಟು, ಬಟ್ಟೆ, ಇಂಜಿನ್ನು, ಇಷ್ಟೆಲ್ಲ ದಾಟಿ ಪಿಸುದನಿ ಹೇಗೆ ಕೇಳಿಸಿತು?

ಕನ್ನಡಿ ನೋಡಿದಳು. ಕತ್ತಲು. ತನ್ನ ಭುಜದ ತುದಿ.

"ಏ ಕಾಜಾ."

ಅಷ್ಟರಲ್ಲಿ ಜರ್ಕಿನ್ ಜೇಬಿನಲ್ಲಿ ಫೋನು ಬರ್ರ್... ಬರ್ರ್... ಅಂತ ನಡುಗಿತು. ಮುಂದೆ ಒಂದು ಪೆಟ್ರೋಲ್ ಬಂಕು, ಬಾಗಿಲು ಹಾಕಿತ್ತು. ಒಂದು ಟ್ಯೂಬ್‌ಲೈಟು ಮಾತ್ರ ಪಿಳಿಪಿಳಿ ಅನ್ನುತ್ತಿತ್ತು. ಅದರ ಕೆಳಗೆ ನಿಲ್ಲಿಸಿದಳು. ಮನೆಗೆ ಹತ್ತು ಕಿಲೋಮೀಟರ್, ಮೋರಿಗೆ ಐದು. ಹೆಲ್ಮೆಟ್ಟು ಕಳಚಿ ಫೋನು ತೆಗೆದಳು.

ಕಾಜ, ಅಂತಿತ್ತು.

"ಏ ಮೀಟರೂ! ಎಲ್ಲೋಗಿ ಸತ್ತೆ? ನನ್ನ ಚಪ್ಪಲಿ ಕಿತ್ತೋಯ್ತು, ಜಲ್ಲಿ ಮಧ್ಯ ಕೂತು ಕಟ್ಕೊಳ್ತಿದ್ದೆ. ನೋಡ್ತಾ ನೋಡ್ತಾ ಭರ್ರಂತ ಹೋಗಿಬಿಟ್ಟೆಯಲ್ಲೇ! ಕೂಗಿದೆ, ಕೂಗಿದೆ... ತಮಾಷೆ ಮಾಡ್ತಿದ್ದೀಯಾ?"

ಕೈ ಇನ್ನೂ ಭುಜದ ಮೇಲೇ ಇತ್ತು.

"ಹಲೋ? ಬಾರೇ ಬೇಗ. ಫೋನಲ್ಲಿ ಚಾರ್ಜೇ ಇಲ್ಲ, ಟಾರ್ಚ್ ಆರಿಸಿ ಕೂತಿದ್ದೀನಿ. ಈ ಕಾಲಲ್ಲಿ ನಾನೆಲ್ಲಿಗೆ ಹೋಗ್ಲಿ?" ಈಗ ಕಾಜಳ ದನಿಯಲ್ಲಿ ಬೈಗುಳ ಇರಲಿಲ್ಲ. "ನಂಗೆ ಇಲ್ಲಿ ಹೆದ್ರಿಕೆ ಆಗ್ತಿದೆ ಕಣೆ."

ಫೋನು ಕಟ್ ಆಯಿತು.

ನಾನು ಮೀಟರನ್ನು ಎಷ್ಟೋ ಸಲ ಕೇಳಿದ್ದೇನೆ, ಆಗ ನೆಲ ನೋಡಿದೆಯಾ ಅಂತ. ಟ್ಯೂಬ್‌ಲೈಟ್ ಇತ್ತಲ್ಲ, ನೆರಳು ಬಿದ್ದಿರಬೇಕಲ್ಲ. "ನೋಡ್ಲಿಲ್ಲ ಅಕ್ಕ" ಅನ್ನುತ್ತಾಳೆ. "ನೋಡಿದ್ರೆ ಗಾಡಿ ಬಿಟ್ಟು ಓಡ್ತಿದ್ದೆ. ಓಡಿದ್ರೆ ಅವಳನ್ನ ಯಾರು ಕರ್ಕೊಂಡು ಬರ್ತಿದ್ರು?"

ಮುಂದೆ ಹೋದರೆ ಹತ್ತು ಕಿಲೋಮೀಟರಿಗೆ ಮನೆ, ದೀಪ, ನಾನು. ಹಿಂದೆ ಹೋದರೆ ಐದು ಕಿಲೋಮೀಟರಿಗೆ ಬಾವಿ. ಯಾರೂ ಅವಳನ್ನು ತಪ್ಪು ಅನ್ನುತ್ತಿರಲಿಲ್ಲ. ನನಗೆ ಫೋನು ಮಾಡಿದ್ದರೆ ನಾನು ಯಾರನ್ನಾದರೂ ಎಬ್ಬಿಸಿ ಕಳಿಸುತ್ತಿದ್ದೆ, ಒಂದು ಗಂಟೆ ಹಿಡಿಯುತ್ತಿತ್ತು. ಆ ಒಂದು ಗಂಟೆ ಕಾಜ ಆ ಮರದ ಕೆಳಗೆ ಒಬ್ಬಳೇ.

ಹುಡುಗಿ ಗಾಡಿ ತಿರುಗಿಸಿದಳು. ನನ್ನ ತಂಗಿ. ಹೇಳಲು ನನಗೆ ಜಂಬವೇ, ಇರಲಿ.

ತಿರುಗಿಸಿದ ಕೂಡಲೇ ಭುಜದ ಮೇಲೆ... ತಟ್.

ಒಂದೇ ಸಲ. ನಿಲ್ಲಿಸು.

ನಿಲ್ಲಿಸಲಿಲ್ಲ. ಮುಂದೆ ಹೋದಳು. ಮತ್ತೆ... ತಟ್. ಸ್ವಲ್ಪ ಜೋರಾಗಿ. ಒಂದು ತಿರುವು. ತಟ್. ಮೂಳೆಗೆ ತಾಗುವ ಹಾಗೆ. ಬಾವಿ ಹತ್ತಿರವಾದಷ್ಟೂ ತಟ್ಟುವುದು ಬೇಗ ಬೇಗ ಆಯಿತಂತೆ. ಹಿಂದಿರುವುದು ಏನೇ ಇರಲಿ, ಅದಕ್ಕೆ ಬಾವಿಯ ಕಡೆ ಹೋಗುವುದು ಬೇಕಿರಲಿಲ್ಲ. ಹ್ಯಾಂಡಲ್ ಅದುರುತ್ತಿತ್ತು. ಒಂದು ಸಲ ಗಾಡಿ ಮಣ್ಣಿನ ಅಂಚಿಗೆ ಇಳಿದೇಬಿಟ್ಟಿತು. ಹೇಗೋ ಎಳೆದುಕೊಂಡಳು.

ಆಗ ಇವಳಿಗೆ ಅಳು ಬಂತು. ಅಳುತ್ತಲೇ, ರಸ್ತೆಯಿಂದ ಕಣ್ಣು ತೆಗೆಯದೆ, ಗಟ್ಟಿಯಾಗಿ ಹೇಳಿದಳು.

"ಅವಳು ಒಬ್ಬಳೇ ಕೂತಿದ್ದಾಳೆ. ಬಿಟ್ಟು ಹೋಗಕ್ಕೆ ಆಗಲ್ಲ. ಅವಳನ್ನ ಹತ್ತಿಸ್ಕೊಂಡು... ಆಮೇಲೆ ಮನೆಗೆ ಹೋಗೋಣ."

ತಟ್ಟುವುದು ನಿಂತಿತು.

ಹೋಗೋಣ ಎಂದಳು, ನೋಡಿ. ಹೋಗ್ತೀನಿ ಅನ್ನಲಿಲ್ಲ. ಬಾಯಿ ತಪ್ಪಿತೋ, ಬೇಕೆಂದೇ ಅಂದಳೋ, ಅವಳಿಗೂ ಗೊತ್ತಿಲ್ಲ.

ಮರದ ಕೆಳಗೆ ಕಾಜ ಬರಿಗಾಲಲ್ಲಿ ನಿಂತಿದ್ದಳು. ಹೆಡ್‌ಲೈಟು ಮುಖಕ್ಕೆ ಬಿದ್ದದ್ದೇ ಶುರುಮಾಡಿದಳು.

"ಬಂದ್ಲು ಮಹಾರಾಣಿ! ಹಿಂದೆ ಆಳು ಇದ್ದಾರಾ ಇಲ್ವಾ ಅಂತ ನೋಡ್ಬಾರ್ದೇನೇ?"

"ಹತ್ತು."

"ತಪ್ಪಾಯ್ತು ಅನ್ನೋದಿಲ್ಲ, ಏನಿಲ್ಲ..."

"ಕಾಜಾ. ದಮ್ಮಯ್ಯ. ಹತ್ತು."

ಆ ದನಿ ಕೇಳಿ ಕಾಜ ಬಾಯಿ ಮುಚ್ಚಿದಳು. ಹಿಂದೆ ಬಂದು, ಎಡಗಡೆಗೆ ಕಾಲು ಇಳಿಬಿಟ್ಟು ಕೂರಲು ನೋಡಿದಳು. ಒದ್ದಾಡಿದಳು.

"ಸ್ವಲ್ಪ ಮುಂದೆ ಸರಿಯೇ. ಜಾಗವೇ ಇಲ್ಲ ಇಲ್ಲಿ."

ಮೀಟರ್ ಆಗಲೇ ಸೀಟಿನ ಮುಂದಿನ ತುದಿಯಲ್ಲಿ ಕೂತಿದ್ದಳು. ಇನ್ನು ಸರಿಯಲು ಸೀಟು ಇರಲಿಲ್ಲ. ನಾನು ಹೊಲಿದ ಸೀಟು ಅದು. ಇಬ್ಬರು ಆರಾಮಾಗಿ ಕೂತು ನಡುವೆ ಒಂದು ಚೀಲ ಇಡಬಹುದು.

"ಹೇಗಾದ್ರೂ ಕೂತ್ಕೋ. ತಟ್ಟಬೇಡ. ಕೂತೆ ಅಂತ ಬಾಯಲ್ಲಿ ಕೂಗಿ ಹೇಳು."

"ಕೂತೆ ತಾಯಿ, ಕೂತೆ."

ತಟ್. ತಟ್.

"ತಟ್ಟಬೇಡ ಅಂದೆ ತಾನೇ!"

"ನಾನೆಲ್ಲಿ ತಟ್ಟಿದೆ? ಒಂದು ಕೈಲಿ ಚಪ್ಪಲಿ ಇದೆ, ಇನ್ನೊಂದು ಕೈಲಿ ಬೀಳದೆ ಇರ್ಲಿ ಅಂತ ಹಿಡಿ ಹಿಡ್ಕೊಂಡಿದ್ದೀನಿ. ಕಾಲಲ್ಲಿ ತಟ್ಲಾ?"

ಮೀಟರ್ ಹೊರಟಳು. ಹದಿನೈದು ಕಿಲೋಮೀಟರ್. ಕಾಜಳಿಗೆ ಅವಳು ಏನೂ ಹೇಳಲಿಲ್ಲ. ಹೇಳಿದ್ದರೆ ಅವಳು ಗಾಡಿಯಿಂದ ಹಾರಿಬಿಡುತ್ತಿದ್ದಳು. ಒಂದು ಸಲ ಮಾತ್ರ, ಬಂಕು ದಾಟಿದ ಮೇಲೆ, ಕಿವಿಯ ಹತ್ತಿರ ಮತ್ತೆ ಅದೇ ಪಿಸುದನಿ.

"ಇನ್ನೆಷ್ಟು ದೂರ?"

"ಒಂಬತ್ತು" ಅಂದಳು ಮೀಟರ್, ಮೆಲ್ಲಗೆ.

ಇಲ್ಲಿಯವರೆಗೆ ಅವಳು ಹೇಳಿದ್ದು. ಇನ್ನು ಮುಂದಿನದು ನಾನೇ ಕಂಡದ್ದು.

ಹನ್ನೊಂದೂ ಮುಕ್ಕಾಲಾಗಿತ್ತು. ನಾನು ಗೇಟಿನ ಹತ್ತಿರ ನಿಂತಿದ್ದೆ. ಸ್ಕೂಟರ್ ಬೀದಿಗೆ ತಿರುಗುವಾಗಲೇ ಸದ್ದು ಬೇರೆ ಇತ್ತು. ಇಂಜಿನ್ ದಮ್ಮು ಕಟ್ಟಿಕೊಂಡು ಎಳೆಯುತ್ತಿತ್ತು. ಹಿಂದಿನ ಚಕ್ರ ಮಡ್‌ಗಾರ್ಡಿಗೆ ಉಜ್ಜುತ್ತಿತ್ತು... ಸರ್... ಸರ್... ಸರ್. ಇಬ್ಬರ ಭಾರಕ್ಕೆ ಅದು ಉಜ್ಜುವುದಿಲ್ಲ. ಆ ಗಾಡಿ ಎಷ್ಟು ಹೊರುತ್ತದೆ ಎಂದು ನನಗೆ ಗೊತ್ತು.

ಕಾಜ ಇಳಿದಳು. ಸ್ಪ್ರಿಂಗು ಕುಂಯ್ ಅಂದು ಮೇಲೆದ್ದಿತು. ಬೈದುಕೊಳ್ಳುತ್ತಾ ಅವಳ ಮನೆಗೆ ಹೋದಳು, ಬಾಗಿಲು ಹಾಕಿಕೊಂಡಳು. ಮೀಟರ್ ಇಂಜಿನ್ ಆರಿಸಿದಳು. ಹ್ಯಾಂಡಲ್ ಹಿಡಿದು ಹಾಗೇ ಕೂತಿದ್ದಳು.

"ಯಾಕೇ, ಏನಾಯ್ತು?"

"ಇರು ಅಕ್ಕ" ಅಂದಳು. ತುಟಿ ಬಿಳುಚಿಕೊಂಡಿತ್ತು. "ಇಳೀಲಿ."

ಏನು ಇಳಿಯಲಿ ಎಂದು ನಾನು ಕೇಳುವ ಮೊದಲೇ... ಕುಂಯ್. ಸ್ಪ್ರಿಂಗು ಇನ್ನೊಂದು ಸಲ ಮೇಲೆದ್ದಿತು. ಸೀಟು ಎರಡು ಬೆರಳಷ್ಟು ಎತ್ತರವಾಯಿತು. ನನ್ನ ಕಣ್ಣೆದುರಿಗೆ. ಗೇಟಿನ ದೀಪ ಉರಿಯುತ್ತಿತ್ತು.

ಬಗ್ಗಿ ನೋಡಿದೆ. ಸುತ್ತಿಗೆಗೂ ರಾಡಿಗೂ ಕದಲದ ಬಲಗಡೆಯ ಫುಟ್‌ರೆಸ್ಟ್ ಬಿಚ್ಚಿಕೊಂಡು ನಿಂತಿತ್ತು. ಕೀಲಿನಲ್ಲಿ ತುಕ್ಕು ಹಾಗೇ ಇತ್ತು. ಒಂದು ಚೂರೂ ಉದುರಿರಲಿಲ್ಲ.

ಬೆಳಗ್ಗೆ ಮೆಕ್ಯಾನಿಕ್ ಬಂದ. ಮುಚ್ಚಲು ನೋಡಿದ. ಒದ್ದ, ಬಡಿದ. ಬೆವರು ಒರೆಸಿಕೊಂಡ.

"ಯಾರಕ್ಕಾ ತೆಗೆದಿದ್ದು ಇದನ್ನ?"

"ಗೊತ್ತಿಲ್ಲ."

"ತೆಗೆದೋರಿಗೇ ಹೇಳಿ ಮುಚ್ಚೋಕೆ. ನನ್ನ ಕೈಲಿ ಆಗಲ್ಲ."

ಗಾಡಿ ಮಾರಿಬಿಡುತ್ತೇನೆ ಎಂದು ನಾನು ಹಟ ಹಿಡಿದೆ. ನನ್ನ ಹಟ ನಿಮಗೆ ಗೊತ್ತಲ್ಲ. ಆದರೆ ಅವಳೂ ಅದೇ ಮನೆತನದವಳು.

"ಬಸ್ಸಿಲ್ಲ. ಬೇರೆ ಗಾಡಿ ಇಲ್ಲ. ನಲವತ್ತಾರು ಕಿಲೋಮೀಟರ್ ನಡೀಲಾ? ಕೆಲಸ ಬಿಟ್ಟು ನಿನ್ನ ಸೀಟಿಗೆ ಗುಂಡಿ ಹೊಲೀಲಾ?"

"ನಿಂಗೆ ಹೆದ್ರಿಕೆ ಆಗಲ್ವಾ?"

ಹೆಲ್ಮೆಟ್ಟಿನ ಧೂಳು ಒರೆಸಿದಳು. ಆಮೇಲೆ ಅಂದಳು: "ಕಾಜ ಅಲ್ಲಿ ಅರ್ಧ ಗಂಟೆ ಇದ್ದಳು ಅಷ್ಟೇ. ಅಷ್ಟಕ್ಕೇ ಅವಳ ದನಿ ಹೇಗಾಗಿತ್ತು ಗೊತ್ತಾ ಅಕ್ಕ?"

ಇದು ನಡೆದು ಮೂರು ವರ್ಷವಾಯಿತು. ಮೋರಿ ಸರಿಮಾಡಿದ್ದಾರೆ, ಅಲ್ಲಿ ಯಾರೂ ಇಳಿಯಬೇಕಾಗಿಲ್ಲ. ಮೀಟರ್ ಅದೇ ಗಾಡಿಯಲ್ಲಿ ಹೋಗಿ ಬರುತ್ತಾಳೆ. ಕಾಜ ಅದೇ ರೀತಿ ಎಡಗಡೆಗೆ ಕಾಲು ಇಳಿಬಿಟ್ಟು ಕೂರುತ್ತಾಳೆ, ತಟ್ಟುವುದಿಲ್ಲ, ಬಾಯಲ್ಲಿ ಕೂಗಿ ಹೇಳುತ್ತಾಳೆ. ಬೇರೆ ಯಾರನ್ನೂ ಆ ಗಾಡಿಗೆ ಹತ್ತಿಸುವುದಿಲ್ಲ.

ಈಗ ನಗುವವರು ನಗಿ. ನಾನು ಹೇಳಿದ್ದರಲ್ಲಿ ಒಂದು ಹೊಲಿಗೆಯೂ ಹೆಚ್ಚಿಗೆ ಹಾಕಿಲ್ಲ. ಇವತ್ತು ಫ್ಯಾಕ್ಟರಿಗೆ ರಜೆ, ಗಾಡಿ ಹೊರಗೇ ನಿಂತಿದೆ, ಟಾರ್ಚ್ ಮೇಜಿನ ಮೇಲಿದೆ. ಹೋದ ವರ್ಷ ಆ ಎರಡು ಫುಟ್‌ರೆಸ್ಟಿಗೂ ನಾನೇ ಹೊಸ ರಬ್ಬರ್ ಹಾಕಿದೆ. ಒಂದೇ ಪ್ಯಾಕೆಟ್ಟಿನಿಂದ ತೆಗೆದ ಜೋಡಿ, ಒಂದೇ ದಿನ ಹಾಕಿದ್ದು. ಇವತ್ತು ಸಂಜೆ ಗಾಡಿ ಒರೆಸುವಾಗ ನೋಡಿದೆ. ಕಾಜ ಕಾಲಿಡುವ ಎಡಗಡೆಯದರಲ್ಲಿ ಗೆರೆಗಳು ಇನ್ನೂ ಅಷ್ಟಿಷ್ಟು ಉಳಿದಿವೆ.

ಬಲಗಡೆಯದು ಸವೆದು ನುಣ್ಣಗಾಗಿದೆ.